ಮೆಟ್ಟುಕತ್ತಿಯೆದುರು ಮೂರು ಖಾಲಿ ಚೌಕ

ಡಿಸೆಂಬರಿನ ಒಂದು ಶನಿವಾರ ಮಧ್ಯಾಹ್ನ. ಉಡುಪಿ ಹತ್ತಿರದ ಹೂಡೆಯ ನಮ್ಮ ಮನೆಯಂಗಳದಲ್ಲಿ ಅಮ್ಮ ಮೆಟ್ಟುಕತ್ತಿ ಹಾಕಿಕೊಂಡು ಮರುವಾಯಿ ಚಿಪ್ಪು ಸೀಳುತ್ತಿದ್ದರು. ಜಗಲಿಯಲ್ಲಿ ಅಕ್ಕನ ಮಗಳು ಲ್ಯಾಪ್‌ಟಾಪ್ ತೆರೆದಿಟ್ಟು ಉಗುರು ಕಚ್ಚುತ್ತಿದ್ದಳು. ಬೆಂಗಳೂರಿನ ಕಾಲೇಜೊಂದರಲ್ಲಿ ಎಂ.ಡೆಸ್. ಮಾಡುತ್ತಿದ್ದಾಳೆ, ವಿನ್ಯಾಸ ಮತ್ತು ನಾವೀನ್ಯದ ಸ್ನಾತಕೋತ್ತರ ಪದವಿ, ಎರಡು ವರ್ಷದ್ದು. ಮುಂದಿನ ಸೆಮಿಸ್ಟರಿಗೆ ಮೂರು ಐಚ್ಛಿಕ ವಿಷಯ ಆರಿಸಬೇಕು, ಭಾನುವಾರ ರಾತ್ರಿ ಹನ್ನೆರಡಕ್ಕೆ ಪೋರ್ಟಲ್ ಮುಚ್ಚುತ್ತದೆ. ಪರದೆಯ ಮೇಲೆ ಇಪ್ಪತ್ತಾರು ವಿಷಯಗಳ ಪಟ್ಟಿ, ಕೆಳಗೆ ಮೂರು ಖಾಲಿ ಚೌಕ.

“ಎಲೆಕ್ಟಿವ್ ಅಂದ್ರೆ ಎಂತ ಮಗಾ?” ಅಮ್ಮ ಕೇಳಿದರು.

“ನಮ್ಗೆ ಬೇಕಾದ್ದನ್ನು ನಾವೇ ಆರಿಸಿ ಕಲಿಯುದು ಅಜ್ಜಿ.”

“ಬೇಕಾದ್ದು ಆರಿಸ್ಲಿಕ್ಕೆ ಬೆಳಿಗ್ಗೆಯಿಂದ ಕೂತಿದ್ದೀಯಾ?”

ಪ್ರಶ್ನೆ ಸರಿಯೇ ಇತ್ತು. ಬೇಕಾದದ್ದು ಯಾವುದೆಂದು ಗೊತ್ತಿದ್ದರೆ ಐದು ನಿಮಿಷದ ಕೆಲಸ. ಅವಳು ಬರೆದಿಟ್ಟುಕೊಂಡಿದ್ದ ಮೂರು ಹೆಸರು ನೋಡಿದೆ. ಒಂದು, ಮೊಬೈಲ್ ಆ್ಯಪ್‌ಗಳ ಪರದೆ ವಿನ್ಯಾಸದ ಮುಂದುವರಿದ ಕೋರ್ಸು. ಇನ್ನೊಂದು, ಕೃತಕ ಬುದ್ಧಿಮತ್ತೆಯ ಸಾಧನಗಳನ್ನು ವಿನ್ಯಾಸಕ್ಕೆ ಬಳಸುವುದು. ಮೂರನೆಯದು, ಸಂದರ್ಶನಕ್ಕೆ ಬೇಕಾಗುವ ಪೋರ್ಟ್‌ಫೋಲಿಯೊ ತಯಾರಿ. ಯಾಕೆ ಇವೇ ಎಂದು ಕೇಳಿದರೆ ಉತ್ತರ ಸಿದ್ಧವಿತ್ತು: ಸೀನಿಯರ್‌ಗಳ ವಾಟ್ಸ್ಆ್ಯಪ್ ಗುಂಪಿನಲ್ಲಿ ಈ ಮೂರಕ್ಕೆ ಗ್ರೇಡು ಸಲೀಸು ಎಂದಿದ್ದಾರಂತೆ, ಕಂಪನಿಗಳು ಇವನ್ನೇ ಕೇಳುತ್ತವಂತೆ, ಶುಕ್ರವಾರ ಮಧ್ಯಾಹ್ನದ ನಂತರ ಕ್ಲಾಸೇ ಇಲ್ಲವಂತೆ. ಕೊನೆಯ ಕಾರಣ ಹೇಳುವಾಗ ಸ್ವಲ್ಪ ನಾಚಿದಳು. ನಾಚಬೇಕಾಗಿಲ್ಲ. ಶುಕ್ರವಾರ ಮಧ್ಯಾಹ್ನ ಬಿಡುವಾದರೆ ರಾತ್ರಿ ಬಸ್ಸು ಹಿಡಿದು ಶನಿವಾರ ಬೆಳಿಗ್ಗೆ ಹೂಡೆಯಲ್ಲಿರಬಹುದು. ನಾನೂ ಅದನ್ನೇ ಲೆಕ್ಕ ಹಾಕುತ್ತಿದ್ದೆ.

ನಾನೂ ಇದೇ ದಂಧೆಯವ. ಬೆಂಗಳೂರಿನಲ್ಲಿ ವರ್ಷಗಟ್ಟಲೆ ಮಿಕ್ಸಿ, ಕುಕ್ಕರು, ನೀರಿನ ಫಿಲ್ಟರುಗಳ ಆಕಾರ ತಿದ್ದಿ ಊರಿಗೆ ಮರಳಿದವನು. ಹಾಗಾಗಿ ಮಾಮನ ಅಭಿಪ್ರಾಯಕ್ಕೆ ಬೆಲೆಯುಂಟು ಎಂದು ಅವಳು ತಿಳಿದಿದ್ದಳು. ಆದರೆ ಆ ದಿನ ನನ್ನ ಕಣ್ಣು ಪಟ್ಟಿಯ ಮೇಲಿರಲಿಲ್ಲ, ನಮ್ಮ ಹಿಂಬಾಗಿಲ ಮೇಲಿತ್ತು. ಗಾಳಿಗೆ ಬಡಿಯದ ಹಾಗೆ ಅದರ ಸಂದಿಗೆ ನೀಲಿ ಬಣ್ಣದ ವಸ್ತುವೊಂದನ್ನು ಸಿಕ್ಕಿಸಲಾಗಿತ್ತು.

ಆ ನೀಲಿ ವಸ್ತುವಿಗೆ ಒಂದು ಕಥೆಯುಂಟು. ಮೊದಲ ಸೆಮಿಸ್ಟರಿನಲ್ಲಿ, ನಿಮ್ಮ ಊರಿನ ಒಂದು ತೊಡಕು ತೆಗೆದುಕೊಂಡು ಅದಕ್ಕೊಂದು ಪರಿಹಾರ ಮಾಡಿ ಎಂದಿದ್ದರು. ಇವಳು ಮರುವಾಯಿ ತೆಗೆದುಕೊಂಡಳು. ಹೂಡೆಯ ಹುಡುಗಿ ಮತ್ತೇನು ತೆಗೆದುಕೊಂಡಾಳು? ಪಡುವಣಕ್ಕೆ ಕಡಲು, ಮೂಡಣಕ್ಕೆ ಸ್ವರ್ಣಾ ಹೊಳೆ, ನಡುವೆ ಕೋಡಿಬೇಂಗ್ರೆಯ ತುದಿಗೆ ಹೋಗುವ ಒಂದು ಮಾರ್ಗ, ಅಷ್ಟೇ ನಮ್ಮ ಭೂಗೋಳ. ನೀರಿಳಿದಾಗ ಹೊಳೆಗೆ ಇಳಿದು, ಕಾಲಿನಲ್ಲೇ ತಡವಿ, ಕೈಯಲ್ಲಿ ಬಾಚಿ ಮರುವಾಯಿ ತುಂಬಿಕೊಳ್ಳುವವರನ್ನು ಅವಳು ಹುಟ್ಟಿದಂದಿನಿಂದ ನೋಡಿದ್ದಾಳೆ. ಚಿಪ್ಪು ಸೀಳುವಾಗ ಬೆರಳು ಕುಯ್ಯುತ್ತದೆ, ಇದೇ ತೊಡಕು ಎಂದು ತೀರ್ಮಾನಿಸಿ ಒಂದು ಸಲಕರಣೆ ಮಾಡಿದಳು. ಸ್ಪ್ರಿಂಗು, ಸ್ಟೀಲಿನ ಅಲಗು, 3ಡಿ ಪ್ರಿಂಟರಿನಲ್ಲಿ ತೆಗೆದ ನೀಲಿ ಹಿಡಿ. ನೋಡಲು ಚಂದವಿತ್ತು. ಒಳ್ಳೆಯ ಗ್ರೇಡೂ ಬಂತು. ಊರಿಗೆ ತಂದು ಅಜ್ಜಿಗೆ ಕೊಟ್ಟಳು. ಅಮ್ಮ ಅದರಲ್ಲಿ ಮೂರು ಮರುವಾಯಿ ಬಿಡಿಸಿದರು, ಮೊಮ್ಮಗಳ ತಲೆ ಸವರಿದರು, ಮತ್ತೆ ಮೆಟ್ಟುಕತ್ತಿ ಎಳೆದುಕೊಂಡರು. ಮಾರನೇ ದಿನದಿಂದ ನೀಲಿ ಸಲಕರಣೆಗೆ ಬಾಗಿಲು ಕಾಯುವ ಕೆಲಸ.

“ಅದು ಯಾಕೆ ಸೋತಿತು ಹೇಳು,” ಎಂದೆ.

“ಅಜ್ಜಿಗೆ ಅಭ್ಯಾಸ ಇಲ್ಲ ಮಾಮ. ಹೊಸ ವಸ್ತು ಅಲ್ವಾ?”

ಡಿಸೈನ್ ಕಲಿತವರೆಲ್ಲ ಕೊಡುವ ಉತ್ತರ ಇದು. ನಾನೂ ಕೊಟ್ಟಿದ್ದೇನೆ, ಗ್ರಾಹಕರ ದುಡ್ಡಿನಲ್ಲಿ. ಲ್ಯಾಪ್‌ಟಾಪ್ ಮುಚ್ಚಿಸಿ ಅಂಗಳಕ್ಕೆ ಕರೆದುಕೊಂಡು ಹೋಗಿ ಕೂರಿಸಿದೆ.

ಮೆಟ್ಟುಕತ್ತಿಯನ್ನು ಗಮನವಿಟ್ಟು ನೋಡಿದವರು ಕಡಿಮೆ. ಕತ್ತಿ ಅಲುಗುವುದಿಲ್ಲ, ಕೊಯ್ಯಬೇಕಾದ ವಸ್ತುವೇ ಕತ್ತಿಯ ಬಳಿಗೆ ಬರುತ್ತದೆ. ಮಣೆಯನ್ನು ಕಾಲು ಮೆಟ್ಟಿ ಹಿಡಿದಿರುವುದರಿಂದ ಎರಡೂ ಕೈ ಖಾಲಿ. ಒಂದು ಕೈ ಬುಟ್ಟಿಯಿಂದ ಮರುವಾಯಿ ತೆಗೆಯುವಾಗಲೇ ಇನ್ನೊಂದು ಕೈ ಸೀಳಿದ್ದನ್ನು ಪಾತ್ರೆಗೆ ಹಾಕಿರುತ್ತದೆ. ಮಾಂಸವಿಲ್ಲದ ಚಿಪ್ಪು ಅದೇ ಓಘದಲ್ಲಿ ಆಚೆ ಬೀಳುತ್ತದೆ. ಇವಳ ಸಲಕರಣೆಯಲ್ಲಿ ಮರುವಾಯಿ ಇಡಬೇಕು, ಒತ್ತಬೇಕು, ಬಿಡಬೇಕು, ತೆಗೆಯಬೇಕು. ಒಂದು ಕೈ ಯಾವಾಗಲೂ ಹಿಡಿಗೆ ಮೀಸಲು. ಅದರ ಮೇಲೆ, ಅಮ್ಮನ ಕೈ ಸದಾ ಒದ್ದೆ. ನುಣುಪಾದ ಪ್ಲಾಸ್ಟಿಕ್ ಹಿಡಿ ಒದ್ದೆ ಕೈಯಲ್ಲಿ ಜಾರುತ್ತದೆ. ಬೆಂಗಳೂರಿನ ಸ್ಟುಡಿಯೋದಲ್ಲಿ ಇವಳು ಪರೀಕ್ಷೆ ಮಾಡಿದ್ದು ಮೇಜಿನ ಮುಂದೆ ಕುರ್ಚಿಯಲ್ಲಿ ಕೂತು, ಒಣಗಿದ ಕೈಯಲ್ಲಿ, ಅಂಗಡಿಯಿಂದ ತಂದ ಹತ್ತು ಚಿಪ್ಪಿನ ಮೇಲೆ. ಅಮ್ಮ ಕೂರುವುದು ನೆಲದಲ್ಲಿ, ಎದುರಿಗೆ ಒಂದು ಬುಟ್ಟಿ.

ಅವಳು ತುಂಬ ಹೊತ್ತು ನೋಡಿದಳು. ಆಮೇಲೆ ಸಣ್ಣ ದನಿಯಲ್ಲಿ, “ಇದನ್ನೆಲ್ಲ ಯಾವ ಕ್ಲಾಸಿನಲ್ಲಿ ಹೇಳಿಕೊಡ್ತಾರೆ?” ಎಂದಳು.

ಈಗ ಲ್ಯಾಪ್‌ಟಾಪ್ ತೆರೆಯಬಹುದು ಎಂದೆ.

ಪಟ್ಟಿಯಿಂದ ಆರಿಸಿ ಓದುವ ಈ ಪದ್ಧತಿಗೆ ವಯಸ್ಸಾಗಿದೆ. 1869ರಲ್ಲಿ ಹಾರ್ವರ್ಡಿನ ಅಧ್ಯಕ್ಷನಾದ ಚಾರ್ಲ್ಸ್ ಎಲಿಯಟ್, ಕಡ್ಡಾಯ ವಿಷಯಗಳನ್ನು ಒಂದೊಂದಾಗಿ ಕಿತ್ತು ಹುಡುಗರಿಗೆ ಆಯ್ಕೆ ಬಿಟ್ಟುಕೊಟ್ಟ. ಶತಮಾನ ಮುಗಿಯುವ ಹೊತ್ತಿಗೆ ಅಲ್ಲಿ ಮೊದಲ ವರ್ಷದ ಇಂಗ್ಲಿಷ್ ಬರವಣಿಗೆ ಬಿಟ್ಟರೆ ಕಡ್ಡಾಯವೆಂಬುದು ಹೆಚ್ಚು ಉಳಿದಿರಲಿಲ್ಲ. ಹುಡುಗರು ಸುಲಭದ ವಿಷಯಗಳನ್ನೇ ಹೆಕ್ಕುತ್ತಾರೆಂಬ ದೂರು ಆಗಲೇ ಎದ್ದಿತು. 1909ರಲ್ಲಿ ಅವನ ಜಾಗಕ್ಕೆ ಬಂದ ಲೋವೆಲ್, ಒಂದು ವಿಷಯದಲ್ಲಿ ಆಳ, ಉಳಿದವುಗಳಲ್ಲಿ ಹರವು ಎಂದು ಲಗಾಮು ಹಾಕಿದ. ಸೀನಿಯರ್‌ಗಳ ವಾಟ್ಸ್ಆ್ಯಪ್ ಗುಂಪು ಹೊಸದು, ಅದರ ಬುದ್ಧಿ ಹಳೆಯದು.

ನಮ್ಮಲ್ಲಿ ಆಯ್ಕೆಯ ಮಾತು ಪದವಿ ಕಾಲೇಜುಗಳಿಗೆ ಬಂದದ್ದು ತೀರಾ ಈಚೆಗೆ. ರಾಷ್ಟ್ರೀಯ ಶಿಕ್ಷಣ ನೀತಿಯನ್ನು 2021–22ರಲ್ಲಿ ಎಲ್ಲರಿಗಿಂತ ಮೊದಲು ಜಾರಿ ಮಾಡಿದ ಕರ್ನಾಟಕ, ಓಪನ್ ಎಲೆಕ್ಟಿವ್ ಎಂಬ ಪದವನ್ನು ಹಳ್ಳಿಯ ಬಿ.ಎ. ತರಗತಿಗೂ ಮುಟ್ಟಿಸಿತು. 2024ರಲ್ಲಿ ಮತ್ತೆ ಮೂರು ವರ್ಷದ ಪದವಿಗೆ ಮರಳಿದೆವು. ನಡುವಿನ ಆ ಮೂರು ವರ್ಷ ಎಷ್ಟೋ ಕಾಲೇಜುಗಳಲ್ಲಿ ಮುಕ್ತ ಆಯ್ಕೆ ಎಂದರೆ ಇದ್ದ ಒಬ್ಬ ಉಪನ್ಯಾಸಕರಿಗೆ ಯಾವುದು ಪಾಠ ಮಾಡಲು ಬರುತ್ತದೋ ಅದು. ಹೋಟೆಲಿನ ಗೋಡೆಯಲ್ಲಿ ನಲವತ್ತು ತಿಂಡಿ ಬರೆದಿರುತ್ತದೆ, ಕೇಳಿದರೆ ಬನ್ಸು ಮಾತ್ರ ಉಂಟು ಎನ್ನುತ್ತಾರಲ್ಲ, ಹಾಗೆ.

ಡಿಸೈನ್ ಶಾಲೆಗಳ ಸ್ಥಿತಿ ಅಷ್ಟು ಬಡವಾಗಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1990ರ ದಶಕದಿಂದಲೇ ಎಂ.ಡೆಸ್. ಉಂಟು. ಅಲ್ಲಿ ಉತ್ಪನ್ನ ವಿನ್ಯಾಸ ಓದುವವನಿಗೆ ಒಂದೇ ಆವರಣದೊಳಗೆ ಲೋಹ, ಮಣ್ಣು, ನೀರು, ಮೆದುಳು ಎಲ್ಲವನ್ನೂ ಅರೆದು ಕುಡಿದವರು ಸಿಗುತ್ತಾರೆ. ರಾಷ್ಟ್ರೀಯ ವಿನ್ಯಾಸ ಸಂಸ್ಥೆ, ಅಂದರೆ ಎನ್‌ಐಡಿಯ ಬೆಂಗಳೂರು ಆವರಣದಲ್ಲಿ ಡಿಜಿಟಲ್ ಆಟಗಳ ವಿನ್ಯಾಸದಿಂದ ಹಿಡಿದು, ಅಂಗವಿಕಲರೂ ವೃದ್ಧರೂ ಸಲೀಸಾಗಿ ಬಳಸಬಲ್ಲ ವಸ್ತುಗಳ ಸಾರ್ವತ್ರಿಕ ವಿನ್ಯಾಸದವರೆಗೆ ವಿಭಾಗಗಳಿವೆ. 1996ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಸೃಷ್ಟಿ ಈಗ ನಮ್ಮ ಮಣಿಪಾಲದ ವಿಶ್ವವಿದ್ಯಾಲಯದ ಅಂಗ. ಎನ್‌ಐಡಿಯದೊಂದು ಒಳ್ಳೆಯ ರೂಢಿ ಹೇಳಬೇಕು. ವರ್ಷಕ್ಕೊಮ್ಮೆ ಎರಡು ವಾರದಷ್ಟು ಕಾಲ ಎಲ್ಲ ವಿಭಾಗದ, ಬೇರೆ ಬೇರೆ ವರ್ಷದ ಮಕ್ಕಳನ್ನು ಕಲಸಿ ಹೊರಗಿನಿಂದ ಬಂದವರ ಕೈಗೆ ಕೊಡುತ್ತಾರೆ. ಅದಕ್ಕೂ ಓಪನ್ ಎಲೆಕ್ಟಿವ್ ಎಂದೇ ಹೆಸರು. ಬಟ್ಟೆಯವನು ಸಿನಿಮಾದವಳ ಪಕ್ಕ ಕೂತು ಮಣ್ಣು ಕಲಸುವುದು ಅಲ್ಲಿ ಸಾಧ್ಯ.

ಎನ್‌ಐಡಿ ಹುಟ್ಟಿದ್ದೇ ಒಂದು ತಂಬಿಗೆಯನ್ನು ದಿಟ್ಟಿಸಿ ನೋಡಿದವರಿಂದ. ಅಮೆರಿಕದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ 1958ರಲ್ಲಿ ಭಾರತ ಸರ್ಕಾರಕ್ಕೆ ವರದಿ ಕೊಟ್ಟರು. 1961ರಲ್ಲಿ ಅಹಮದಾಬಾದಿನಲ್ಲಿ ಸಂಸ್ಥೆ ಶುರುವಾಯಿತು. ಆ ವರದಿಯಲ್ಲಿ ಅವರು ಬೇರೆಲ್ಲಕ್ಕಿಂತ ಮಿಗಿಲೆಂದು ಮೆಚ್ಚಿದ್ದು ನಾವು ಬಚ್ಚಲಲ್ಲಿ ಇಡುವ ಲೋಟಾವನ್ನು. ಎಷ್ಟು ನೀರು ಹಿಡಿಯಬೇಕು, ಹೊರುವ ಕೈ ಗಂಡಸಿನದೋ ಹೆಂಗಸಿನದೋ, ತಲೆಯ ಮೇಲೋ ಸೊಂಟದ ಮೇಲೋ, ತುಂಬಿದಾಗ ತೂಕ ಎತ್ತ ವಾಲುತ್ತದೆ, ಸುರಿಯುವಾಗ ಸದ್ದು ಹೇಗೆ ಎಂದು ಕೇಳುತ್ತಾ ಹೋದರು. ಒಂದು ಪಾತ್ರೆಯೊಳಗೆ ಇಡೀ ಪಠ್ಯಕ್ರಮ ಕಂಡರು. ಮೆಟ್ಟುಕತ್ತಿಯನ್ನು ಅವರು ಕಂಡಿದ್ದರೆ ವರದಿ ಇನ್ನೂ ನಾಲ್ಕು ಪುಟ ಉದ್ದವಾಗುತ್ತಿತ್ತೆಂದು ನನ್ನ ಗುಮಾನಿ.

ನನ್ನ ಸ್ವಂತ ಪೆದ್ದುತನವನ್ನೂ ಅವಳಿಗೆ ಹೇಳಿದೆ. ನಾನು ಓದಿದ ಕಾಲೇಜಿನ ಹೆಸರು ಇಲ್ಲಿ ಬೇಡ. ಆಗಷ್ಟೇ ಮೂರು ಆಯಾಮದ ಚಿತ್ರ ಬಿಡಿಸುವ ಸಾಫ್ಟ್‌ವೇರ್ ಬಂದಿತ್ತು, ಅದು ಗೊತ್ತಿದ್ದವರಿಗೇ ಮುಂದೆ ಕೆಲಸ ಎಂಬ ಗುಲ್ಲೆದ್ದಿತ್ತು. ಮುಗಿಬಿದ್ದು ಅದನ್ನೇ ಆರಿಸಿದೆವು. ಅದೇ ಹೊತ್ತಿಗೆ, ಅದೇ ಗಂಟೆಗೆ, ಕಾರಿಡಾರಿನ ಕೊನೆಯಲ್ಲಿ ಮಣ್ಣಿನ ಪಾತ್ರೆಗಳ ಕೋರ್ಸೊಂದಿತ್ತು. ಕಲಿಸುತ್ತಿದ್ದ ಮೇಷ್ಟ್ರಿಗೆ ಅದು ಕೊನೆಯ ವರ್ಷ. ಸೇರಿದವರು ನಾಲ್ಕೇ ಜನ. ನಾನು ಕಲಿತ ಸಾಫ್ಟ್‌ವೇರಿನ ಹೆಸರು ಹೇಳಿದರೆ ಈಗಿನ ಮಕ್ಕಳು ಅದು ಯಾವ ಔಷಧಿ ಎಂದು ಕೇಳುತ್ತಾರೆ. ಮುಂದೆ ನೀರಿನ ಫಿಲ್ಟರಿನ ಮಣ್ಣಿನ ಬತ್ತಿಗಳು ಯಾಕೆ ಬಿರುಕು ಬಿಡುತ್ತವೆಂದು ತಿಳಿಯದೆ ಎಂಟು ತಿಂಗಳು ಒದ್ದಾಡಿದಾಗ ಆ ಕಾರಿಡಾರು ನೆನಪಾಗುತ್ತಿತ್ತು. ಆ ನಾಲ್ವರಲ್ಲಿ ಒಬ್ಬನಿಗೆ ಕಡೆಗೆ ಫೋನು ಮಾಡಿದೆ. ಐದು ನಿಮಿಷದಲ್ಲಿ ಹೇಳಿದ, ಒಣಗಿಸುವ ಅವಸರ ಮಾಡುತ್ತಿದ್ದೀರಿ ಎಂದು.

ಕ್ರೆಡಿಟ್ಟಿನ ಲೆಕ್ಕವನ್ನೂ ಒಮ್ಮೆ ಕೂತು ಹಾಕಿದೆವು. ವಾರಕ್ಕೆ ಒಂದು ಗಂಟೆಯ ಪಾಠ, ಹದಿನೈದು ವಾರ. ಅದು ಒಂದು ಕ್ರೆಡಿಟ್. ಮೂರು ಕ್ರೆಡಿಟ್ಟಿನ ಐಚ್ಛಿಕ ಎಂದರೆ 45 ಗಂಟೆ, ಮೂರು ಸೇರಿದರೆ 135. ಕೈಕೆಲಸದ ಕೋರ್ಸಾದರೆ ಒಂದು ಕ್ರೆಡಿಟ್ಟಿಗೆ ಎರಡು ಗಂಟೆ ಕೂರಬೇಕು, ಅದಕ್ಕೇ ಜನ ಹೆದರಿ ದೂರ ಹೋಗುತ್ತಾರೆ. ಅವಳ ಸೆಮಿಸ್ಟರಿನ ಫೀಸನ್ನು ಒಟ್ಟು ಗಂಟೆಗಳಿಂದ ಭಾಗಿಸಿ ತೋರಿಸಿದೆ. ಅಂಕಿ ಇಲ್ಲಿ ಬರೆಯುವುದಿಲ್ಲ. ಅಕ್ಕ ಈ ಪುರವಣಿ ಓದುತ್ತಾಳೆ. ಕೈಕೆಲಸದ ಕೋರ್ಸು ಅದೇ ದುಡ್ಡಿಗೆ ದುಪ್ಪಟ್ಟು ಹೊತ್ತು ಕೊಡುತ್ತದೆ ಎಂಬುದನ್ನು ಮಾತ್ರ ಮೀನು ಮಾರ್ಕೆಟ್ಟಿನಲ್ಲಿ ಚೌಕಾಸಿ ಮಾಡಿ ಬೆಳೆದ ಹುಡುಗಿ ತಟ್ಟನೆ ಹಿಡಿದಳು.

ಹಾಗಾದರೆ ಅಷ್ಟು ದುಬಾರಿ ಗಂಟೆಗಳನ್ನು ಯಾವುದಕ್ಕೆ ಕೊಡುವುದು? ಸಾಫ್ಟ್‌ವೇರ್ ಕಲಿಯಲು ಇಂದು ಹೂಡೆಯ ಜಗಲಿ ಸಾಕು. ಐಐಟಿ, ಐಐಎಸ್‌ಸಿಗಳ ಪಾಠ ಎನ್‌ಪಿಟೆಲ್‌ನಲ್ಲಿ ಪುಕ್ಕಟೆ ಸಿಗುತ್ತದೆ. 2017ರಲ್ಲಿ ಕೇಂದ್ರ ಸರ್ಕಾರದ ಆನ್‌ಲೈನ್ ಕಲಿಕೆಯ ತಾಣ ‘ಸ್ವಯಂ’ ಬಂತು. 2021ರ ಯುಜಿಸಿ ನಿಯಮದಂತೆ ಒಂದು ಸೆಮಿಸ್ಟರಿನ ನೂರಕ್ಕೆ ನಲವತ್ತು ಭಾಗ ಕ್ರೆಡಿಟ್ಟನ್ನು ಅಲ್ಲಿಂದ ತರಲು ವಿಶ್ವವಿದ್ಯಾಲಯಗಳು ಬಿಡಬಹುದು. ಮನೆಯಲ್ಲಿ ಕೂತು ಕಲಿಯಲಾಗದ್ದು ಲೇತು, ಕುಲುಮೆ, ಗೂಡು. ತಪ್ಪಾಗಿ ಕೊರೆದ ಮರದ ತುಂಡನ್ನು ಎತ್ತಿ ಹಿಡಿದು ಇದು ಯಾವ ಪ್ರಾಣಿ ಎಂದು ಕೇಳುವ ಮೇಷ್ಟ್ರು. ಮತ್ತು ನಾಲ್ಕು ತಿಂಗಳು ಒಂದೇ ಮೇಜಿನಲ್ಲಿ ಕೂತು ನಿಮ್ಮ ಮಾತನ್ನು ಒಪ್ಪದ ಜತೆಗಾರರು. ಆ್ಯಪ್ ಪರದೆಗಳ ಮುಂದುವರಿದ ಕೋರ್ಸು ಅಲ್ಲಿಗೆ ಪಟ್ಟಿಯಿಂದ ಹೊರಬಿತ್ತು.

ಅವಳು ಸುಮ್ಮನೆ ಒಪ್ಪಲಿಲ್ಲ. “ಮಾಮ, ನಿಮ್ದು ಎಲ್ಲ ಮುಗ್ದಿದೆ. ನಂಗೆ ಬ್ಯಾಂಕಿನ ಸಾಲ ಉಂಟು. ಮಣ್ಣು, ಮರ ಅಂತ ಹೋದ್ರೆ ಕಂತು ಯಾರು ಕಟ್ಟುದು?”

ಇದಕ್ಕೆ ನನ್ನಲ್ಲಿ ಜಾಣ ಉತ್ತರವಿರಲಿಲ್ಲ, ಈಗಲೂ ಇಲ್ಲ. ಕಂಪನಿಗಳು ಪರದೆ ವಿನ್ಯಾಸದವರನ್ನೇ ಹುಡುಕಿಕೊಂಡು ಬರುತ್ತವೆ ಎಂಬುದು ನಿಜ. ಸಾಲ ಮಾಡಿ ಓದುವವರಿಗೆ ಮನಸ್ಸಿನ ಮಾತು ಕೇಳು ಎಂದು ಉಪದೇಶ ಮಾಡುವವರನ್ನು ಕಂಡರೆ ನನಗೆ ಆಗುವುದಿಲ್ಲ. ಆ ಉಪದೇಶಕರಿಗೆ ಸಾಮಾನ್ಯವಾಗಿ ಅಪ್ಪನ ತೋಟವಿರುತ್ತದೆ. ಕೃತಕ ಬುದ್ಧಿಮತ್ತೆಯ ಕೋರ್ಸು ಇರಲಿ ಎಂದು ಇಬ್ಬರೂ ಒಪ್ಪಿದೆವು. ಒಂದು ಚೌಕ ಬ್ಯಾಂಕಿಗೆ.

ಪೋರ್ಟ್‌ಫೋಲಿಯೊ ಕೋರ್ಸಿನ ಬಗ್ಗೆ ಮಾತ್ರ ಜಗಳವೇ ಆಯಿತು. ತೋರಿಸಲು ಒಳ್ಳೆಯ ಕೆಲಸವಿಲ್ಲದಿದ್ದರೆ ತೋರಿಸುವ ಕಲೆ ಕಲಿತು ಮಾಡುವುದೇನು? ಬಾಗಿಲ ಸಂದಿಯ ನೀಲಿ ವಸ್ತುವಿನ ಚಂದದ ಫೋಟೊ ಆಗಲೇ ಅವಳ ಪೋರ್ಟ್‌ಫೋಲಿಯೊದಲ್ಲಿದೆ. ಅದರ ಕೆಳಗೆ ಅಜ್ಜಿ ಅದನ್ನು ಬಾಗಿಲಿಗೆ ಸಿಕ್ಕಿಸಿದ್ದನ್ನೂ, ಯಾಕೆ ಸಿಕ್ಕಿಸಿದರೆಂಬುದನ್ನೂ ಬರೆದರೆ ನೂರು ಪೋರ್ಟ್‌ಫೋಲಿಯೊ ನಡುವೆ ಸಂದರ್ಶಕ ಅಲ್ಲಿ ನಿಲ್ಲುತ್ತಾನೆ ಎಂದೆ. ನಂಬಲಿಲ್ಲ. ಆದರೆ ಬರೆದುಕೊಂಡಳು, ಕೋರ್ಸನ್ನೂ ಕೈಬಿಟ್ಟಳು.

ಇಂಥ ಪಟ್ಟಿಗಳಲ್ಲಿ ಹೆಸರಿಲ್ಲದ ಹಾದಿಯಲ್ಲಿ ನಡೆದವರಿಗೆ ನಮ್ಮ ಸೀಮೆಯಲ್ಲಿ ಬರವಿಲ್ಲ. ಮಂಗಳೂರಿನ ಹತ್ತಿರದ ಕಿನ್ನಿಕಂಬಳದಲ್ಲಿ ಹುಟ್ಟಿ ಕೊನೆಗೆ ಮಣಿಪಾಲದ ಕಡೆ ನೆಲೆಸಿದ ಕೆ.ಪಿ. ರಾಯರು ಮುಂಬಯಿಯ ಟಾಟಾ ಸಂಶೋಧನಾ ಸಂಸ್ಥೆಯಲ್ಲಿದ್ದಾಗ ಸಿಂಧೂ ಲಿಪಿಯ ಬೆನ್ನು ಹತ್ತಿದವರು, ಆಮೇಲೆ ಅಚ್ಚಿನ ಮೊಳೆಗಳ ಕಂಪನಿಗೆ ಹೋದವರು. ಓದಲಾಗದ ಲಿಪಿಯಲ್ಲಿ ಮುಳುಗೆದ್ದವರಿಂದ ಓದಬಲ್ಲ ಕನ್ನಡಕ್ಕೆ ಕೀಲಿಮಣೆ ಸಿಕ್ಕಿತು. ಈ ಲೇಖನವನ್ನು ನಾನು ಒತ್ತುತ್ತಿರುವುದೂ ಅವರು ಕಂಡುಕೊಂಡ ಜೋಡಣೆಯಲ್ಲೇ. ಸಿಂಡಿಕೇಟ್ ಬ್ಯಾಂಕಿನ ನೌಕರ ವಿಜಯನಾಥ ಶೆಣೈ ಹಳೆಯ ಮನೆಗಳನ್ನು ಬಿಚ್ಚಿ ತಂದು ಮಣಿಪಾಲದಲ್ಲಿ ಮರುಜೋಡಿಸಿ ಹಸ್ತಶಿಲ್ಪವೆಂಬ ಊರನ್ನೇ ಕಟ್ಟಿದರು. ಯಾವ ಪಠ್ಯಕ್ರಮದ ಯಾವ ಚೌಕದಲ್ಲಿ ಅದು ಬರುತ್ತದೆ?

ಮತ್ತೆ, ಆಯ್ಕೆಯೇ ಇಲ್ಲದೆ ಚೆನ್ನಾಗಿ ಕಲಿಸುವ ಜಾಗಗಳೂ ಇವೆ. ಕಾರ್ಕಳದ ಹತ್ತಿರ ಮಿಯಾರಿನಲ್ಲಿ ಸಿ.ಇ. ಕಾಮತ್ ಹೆಸರಿನ ಕುಶಲಕರ್ಮಿಗಳ ಸಂಸ್ಥೆಯುಂಟು, ಕಲ್ಲು, ಮರ, ಲೋಹದ ಕೆತ್ತನೆ ಕಲಿಸುತ್ತದೆ. ಕಲ್ಲು ಹಿಡಿದವನು ಬೆಳಗಿನಿಂದ ಸಂಜೆತನಕ ಕಲ್ಲಿನ ಜತೆಗೇ. 1432ರಲ್ಲಿ ನಿಂತ 42 ಅಡಿಯ ಗೊಮ್ಮಟನ ಊರಿನಲ್ಲಿ ಅದು ಸಹಜವೇ. ಧರ್ಮಸ್ಥಳದ ಬಾಹುಬಲಿಯನ್ನು ಕೆತ್ತಿದ ರೆಂಜಾಳ ಗೋಪಾಲಕೃಷ್ಣ ಶೆಣೈಯವರೂ ಈ ಕಡೆಯವರೇ. ಮೂರು ವಿಷಯಕ್ಕೆ 135 ಗಂಟೆ ಎಂದು ಅವರೆದುರು ಹೇಳಿದ್ದರೆ, ಉಳಿ ಹರಿತ ಮಾಡಲು ಸಾಕಾದೀತು ಎನ್ನುತ್ತಿದ್ದರೋ ಏನೋ.

ಸಂಜೆ ಎರಡನೇ ಚೌಕ ತುಂಬಿತು: ದೇಹದ ಅಳತೆ, ಭಂಗಿ, ಆಯಾಸಗಳನ್ನು ಅಳೆಯುವ ಎರ್ಗಾನಾಮಿಕ್ಸ್. ಪಟ್ಟಿಯಲ್ಲಿ ಹತ್ತೊಂಬತ್ತನೆಯದಾಗಿ ಮೂಲೆಯಲ್ಲಿತ್ತು. ಅಮ್ಮನಿಗೆ ವಿವರಿಸಿದಾಗ, “ನಾನು ಕೂರುದನ್ನು ಅಳೀಲಿಕ್ಕೆ ಬೆಂಗ್ಳೂರಿಗೆ ಹೋಗ್ಬೇಕಾ?” ಎಂದು ನಕ್ಕರು.

ಮೂರನೆಯದಕ್ಕೆ ಸರ್ವಿಸ್ ಡಿಸೈನ್ ಎಂಬುದು ಅವಳ ಆಸೆ. ಅದನ್ನು ಬೇಡವೆನ್ನಲು ನನಗೆ ಮನಸ್ಸಿರಲಿಲ್ಲ. ಕಾಪು ತಾಲ್ಲೂಕಿನ ಶಂಕರಪುರ ಮಲ್ಲಿಗೆಯ ವ್ಯವಹಾರ ನೋಡಿ: 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಬೆಳಗಾಗುವ ಮುಂಚೆ ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಕಟ್ಟೆಗೆ ಒಯ್ದರೆ ಆ ದಿನದ ದರ ಅಲ್ಲಿ ತಿಳಿಯುತ್ತದೆ. ಹೂ ಬಾಡುವುದರೊಳಗೆ ನೂರಾರು ಅಂಗಳದ ಬೆಳೆ ಊರೂರಿಗೆ ಹಂಚಿಹೋಗುತ್ತದೆ. ಸೇವೆಯ ವಿನ್ಯಾಸ ಎಂದು ಅವರಾರೂ ಅದನ್ನು ಕರೆದಿಲ್ಲ. ಇದನ್ನು ಹೇಳುತ್ತಾ ಹೇಳುತ್ತಾ ನನ್ನ ವಾದವೇ ನನಗೆ ತಿರುಗಿಬಿತ್ತು. ಶಂಕರಪುರ ಇಲ್ಲೇ ಉಂಟಲ್ಲ, ರಜೆಯಲ್ಲಿ ನಾಲ್ಕು ಬೆಳಗು ಹೋಗಿ ಕೂತರೆ ಆಯಿತಲ್ಲ, ಅದಕ್ಕೆ ಕ್ರೆಡಿಟ್ ಯಾಕೆ ಎಂದು ಅವಳೇ ಕೇಳಿದಳು. ಮಾಮನ ಮಾತಿಗೆ ಸೊಸೆ ಹಾಕಿದ ಪಾಟಿಸವಾಲು. ಖುಷಿಯಾಯಿತು.

ಹಾಗೆ ಭಾನುವಾರ ಬೆಳಿಗ್ಗೆಯವರೆಗೂ ಮೂರನೇ ಚೌಕ ಖಾಲಿಯೇ ಇತ್ತು. ಅದನ್ನು ತುಂಬಿಸಿದ್ದು ಅಂಗಳದ ಮೂಲೆ. ಅಮ್ಮ ಎಸೆದ ಚಿಪ್ಪುಗಳ ರಾಶಿ ಅಲ್ಲಿತ್ತು. ಹೂಡೆಯ ಯಾವ ಮನೆಯ ಹಿಂದೆ ಹೋದರೂ ಕಾಣುವಂಥದ್ದು. ಇದನ್ನು ಹಿಂದೆ ಏನು ಮಾಡುತ್ತಿದ್ದಿರಿ ಎಂದು ಕೇಳಿದಳು. ಸುಣ್ಣದ ಗೂಡಿನವರು ಬಂದು ಒಯ್ಯುತ್ತಿದ್ದರು ಎಂದರು ಅಮ್ಮ. ಚಿಪ್ಪು ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್; 900 ಡಿಗ್ರಿ ಆಸುಪಾಸಿನಲ್ಲಿ ಸುಟ್ಟರೆ ಸುಟ್ಟಸುಣ್ಣ, ನೀರು ಹಾಕಿದರೆ ಅರಳಿದ ಸುಣ್ಣ. ನಮ್ಮ ಮನೆಯ ಹಳೆಯ ಗೋಡೆ ನಿಂತಿರುವುದು ಅದರ ಮೇಲೆಯೇ. ಅವಳು ಗೋಡೆಗೆ ಹೋಗಿ ಉಗುರಿನಿಂದ ಕೆರೆದು ನೋಡಿದಳು. ಆಮೇಲೆ ಪಟ್ಟಿಯ ಕೆಳಗೆ ಹೋಗಿ, ಸಾಮಗ್ರಿಗಳ ಕಾರ್ಯಾಗಾರ, ವಾರಕ್ಕೆ ಆರು ಗಂಟೆ, ಶುಕ್ರವಾರ ಮಧ್ಯಾಹ್ನ ಎಂದಿದ್ದ ಸಾಲಿನ ಮೇಲೆ ಒತ್ತಿದಳು.

“ಶುಕ್ರವಾರ ಹೋಯಿತಲ್ಲ ಮಾರಾಯ್ತಿ,” ಎಂದೆ.

“ಹೋಗ್ಲಿ ಮಾಮ. ಶನಿವಾರ ಬೆಳಿಗ್ಗೆ ರೈಲು ಉಂಟು.”

ಮೊದಲ ವಾರ ಕ್ಲಾಸಿನಲ್ಲಿ ಕೂತು, ಹಿಡಿಸದಿದ್ದರೆ ಬದಲಿಸಲು ಅವಕಾಶವಿದೆಯಂತೆ. ಎರಡು ಬೇರೆ ಕ್ಲಾಸಿಗೂ ಹೋಗಿ ಹಿಂದಿನ ಬೆಂಚಿನಲ್ಲಿ ಕೂತು ಬಾ ಎಂದಿದ್ದೇನೆ. ಪಟ್ಟಿಯಲ್ಲಿ ಬರೆದ ಎರಡು ಸಾಲಿಗೂ ಒಳಗೆ ನಡೆಯುವ ಪಾಠಕ್ಕೂ ಎಷ್ಟೋ ಸಲ ಸಂಬಂಧವಿರುವುದಿಲ್ಲ. ಮೇಷ್ಟ್ರು ಹೊರಗೆ ಕ್ಷೇತ್ರಕ್ಕೆ ಕರೆದೊಯ್ಯುತ್ತಾರೋ, ಕೊನೆಗೆ ಪರೀಕ್ಷೆಯೋ ವಸ್ತುವೋ, ಕಳೆದ ವರ್ಷದವರು ಮಾಡಿದ ವಸ್ತುಗಳಲ್ಲಿ ಒಂದಾದರೂ ಯಾರದಾದರೂ ಮನೆಯಲ್ಲಿ ಬಳಕೆಯಲ್ಲಿದೆಯೋ ಎಂದು ಕೇಳಬೇಕು. ಕೊನೆಯ ಪ್ರಶ್ನೆಗೆ ಬೈಸಿಕೊಂಡರೆ ಆಶ್ಚರ್ಯವಿಲ್ಲ.

ರಾತ್ರಿ ಉಡುಪಿಯಲ್ಲಿ ಬಸ್ಸು ಹತ್ತಿಸಲು ಹೋದೆ. ಅವಳ ಬಟ್ಟೆಯ ಬ್ಯಾಗಿನ ಜತೆ ಬಿಗಿಯಾಗಿ ಕಟ್ಟಿದ ಗೋಣಿಯೊಂದಿತ್ತು. ಅಮ್ಮ ಮೂರು ನೀರಿನಲ್ಲಿ ತೊಳೆದು ಬಿಸಿಲಿಗೆ ಹಾಕಿದ್ದರೂ ಒಂದು ದಿನದ ಬಿಸಿಲು ಎಷ್ಟು ಮಾತ್ರಕ್ಕೆ? ಡಿಕ್ಕಿಗೆ ಸಾಮಾನು ಹಾಕುತ್ತಿದ್ದ ಹುಡುಗ ಮೂಗು ಅರಳಿಸಿದ.

“ಅಕ್ಕ, ಮೀನು ಹಾಕ್ಲಿಕ್ಕಿಲ್ಲ. ಇದ್ರಲ್ಲಿ ಎಂತ ಉಂಟು?”

“ಸಿಲೆಬಸ್,” ಎಂದಳು.